ಪೂಜೆಗೆ ಆರಿಸಿದ ಯಂತ್ರ

"ಗುರುಗಳೇ, ಮನಸ್ಸು ಶುದ್ಧವಾಗಿದ್ದರೆ ಸಾಲದೇ? ಮಾಡುವ ಕೆಲಸವನ್ನು ತಿಳಿದೂ ಮಾಡಬೇಕೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ತಿಳಿದುಕೊಳ್ಳಲು ಬೇಸರವಾದಾಗಲೆಲ್ಲ ನಿನಗೆ ಮನಸ್ಸಿನ ಶುದ್ಧಿ ನೆನಪಾಗುತ್ತದಪ್ಪ. ಕೂತುಕೋ," ಎಂದು ಹೇಳತೊಡಗಿದರು.

ಒಬ್ಬ ಬಸ್ ಕಂಡಕ್ಟರ್ ಇದ್ದ. ಅವನು ಊರಿನ ಹೆಸರು ಕೂಗಿದರೆ ಆಚೆ ಬೀದಿಯಲ್ಲಿದ್ದವರೂ ನಿಲ್ದಾಣಕ್ಕೆ ಓಡಿಬರುತ್ತಿದ್ದರು. ಅಂಥವನಿಗೆ ನರಗಳ ಕಾಯಿಲೆ ಬಂತು. ಮೊದಲು ಕೈಕಾಲು ಹೋಯಿತು, ಆಮೇಲೆ ದನಿ ಹೋಯಿತು, ಕೊನೆಗೆ ಕಣ್ಣುಗುಡ್ಡೆ ಬಿಟ್ಟು ಮತ್ತೇನೂ ಅಲುಗದಂತಾಯಿತು. ಮಂಚದ ಎದುರು ಒಂದು ಹಳೆಯ ಕಂಪ್ಯೂಟರ್ ಇಟ್ಟರು. ಪರದೆಯ ಮೇಲಿನ ಅಕ್ಷರಗಳನ್ನು ಅವನು ಒಂದೊಂದಾಗಿ ದಿಟ್ಟಿಸುತ್ತಿದ್ದ. ಕಂಪ್ಯೂಟರ್ ಅವನ್ನು ಕೂಡಿಸಿ ಗಟ್ಟಿಯಾಗಿ ಓದುತ್ತಿತ್ತು. ಹೆಂಡತಿಗೆ ಅದು ಯಂತ್ರವಲ್ಲ, ಗಂಡನ ನಾಲಗೆ. ಅಡುಗೆಗಿಂತ ಮೊದಲು ಅದನ್ನು ಒರೆಸುತ್ತಿದ್ದಳು.

ವಯಸ್ಸಾದ ಯಂತ್ರ ತಡವರಿಸತೊಡಗಿತು. ಒಂದು ದಿನ ಅವನು "ನಿನಗೆ ಒಂದು ಮಾತು ಹೇಳಬೇಕು" ಎಂದು ಕೂಡಿಸುವಷ್ಟರಲ್ಲಿ ಪರದೆ ನಿಂತೇಹೋಯಿತು. ರಿಪೇರಿಯವನು ಬಂದು ನೋಡಿದ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಸರಿಹೋಗುತ್ತದೆ, ಆದರೆ ಹಳೆಯ ಫರ್ಮ್‌ವೇರ್ ಅದನ್ನು ಒಳಗೆ ಬಿಡುವುದಿಲ್ಲ, ಮೊದಲು ಫರ್ಮ್‌ವೇರನ್ನೇ ಬದಲಿಸಬೇಕು ಎಂದ. ಫರ್ಮ್‌ವೇರ್ ಎಂದರೆ ಎಚ್ಚರಗೊಳ್ಳುವುದು ಹೇಗೆಂದು ಯಂತ್ರಕ್ಕೆ ಕಲಿಸಿದ ಓನಾಮ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಾಗ ನಡುವೆ ಕರೆಂಟ್ ಹೋದರೆ ಯಂತ್ರ ಏಳುವುದನ್ನೇ ಮರೆಯುತ್ತದೆ.

ರಿಪೇರಿಯವನು ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಫರ್ಮ್‌ವೇರ್ ಬದಲಿಸುವ ಕೆಲಸ ಹಚ್ಚಿ, "ಅಕ್ಕಾ, ನಮ್ಮ ಅಂಗಡೀಲೂ ಪೂಜೆ ಇದೆ, ಮುಗಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಇದನ್ನ ಆರಿಸ್ಬೇಡಿ," ಎಂದು ಹೇಳಿ ಹೋದ.

ಆಕೆ ತಲೆಗೆ ಮಿಂದು, ಕುಂಕುಮ, ಚೆಂಡುಹೂ ತಂದಳು. ಪೂಜೆಯ ಹೊತ್ತಿನಲ್ಲಿ ಆಯುಧ ದುಡಿಯಬಾರದು. ಬಸ್ಸನ್ನು ನಿಲ್ಲಿಸಿಯೇ ಅಲ್ಲವೇ ಹಾರ ಹಾಕುವುದು? ಗಂಡನೇ ವರ್ಷವರ್ಷವೂ ಹಾಗೆ ಮಾಡಿದವನು. ಓಡುವ ಯಂತ್ರಕ್ಕೆ ಆರತಿ ಎತ್ತಿದರೆ ಅದರ ಕೇಡು ಅವನಿಗೇ ತಟ್ಟೀತೆಂದು ಆಕೆ ಹೆದರಿದಳು. ಪರದೆ ಹೇಗೂ ಕಪ್ಪಗಿತ್ತು. ಕೆಲಸ ಮುಗಿದಿರಬೇಕು ಎಂದುಕೊಂಡು ಗೋಡೆಯ ಸ್ವಿಚ್ಚಿಗೆ ಕೈಯಿಟ್ಟಳು.

ಗಂಡ ನೋಡುತ್ತಿದ್ದ. ರಿಪೇರಿಯವನ ಮಾತನ್ನು ಅವನೂ ಕೇಳಿದ್ದ. ಕಣ್ಣುಗುಡ್ಡೆ ಅವಳಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಅವಳಿಗೆ ಓಡಿತು. ಬೇಡ ಎನ್ನಲು ಬೇಕಾದ ನಾಲಗೆ ಆ ಪೆಟ್ಟಿಗೆಯಲ್ಲಿತ್ತು.

"ನೀರು ಬೇಕೇನ್ರೀ? ತಾಳಿ, ಪೂಜೆ ಆಗ್ಲಿ, ಕೊಡ್ತೀನಿ," ಎಂದಳು. ಆರಿಸಿದಳು.

ಕುಂಕುಮವಿಟ್ಟಳು, ಹೂ ಏರಿಸಿದಳು, ಆರತಿ ಎತ್ತಿದಳು. ಗಂಡನ ಕಣ್ಣಿಂದ ನೀರು ಇಳಿಯಿತು. ಅವನಿಗೆ ಭಕ್ತಿ ಉಕ್ಕಿತೆಂದು ತಿಳಿದು ಆಕೆಯೂ ಅತ್ತಳು.

ಯಂತ್ರ ಮತ್ತೆ ಏಳಲಿಲ್ಲ. ರಿಪೇರಿಯವನು ತಲೆಯ ಮೇಲೆ ಕೈಹೊತ್ತು ಕೂತ. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ಬೇರೊಂದನ್ನು ಹೊಂದಿಸಿ ತರುವ ಮೊದಲೇ ಕಂಡಕ್ಟರ್ ತೀರಿಕೊಂಡ. ಅವನು ಹೇಳಬೇಕೆಂದಿದ್ದ ಮಾತು ಏನೆಂದು ಆಕೆಗೆ ಇಂದಿಗೂ ತಿಳಿಯದು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಯಿತು. "ಆದರೂ ಗುರುಗಳೇ, ಆಕೆಯ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದು ಲೆಕ್ಕಕ್ಕಿಲ್ಲವೇ?" ಎಂದ.

ಗುರುಗಳೆಂದರು: "ಎಳ್ಳಷ್ಟು ಕಪಟವಿದ್ದಿದ್ದರೂ ಅವಳ ಕೈ ಅಳುಕುತ್ತಿತ್ತಪ್ಪ."