ಅಳಿಸಿಹೋದ ಎರಡು ಲಕ್ಷ ನಾಮ

“ಅಪ್ಪಾರ, ಕ್ಷಮೆ ಸಿಕ್ಕ ಮ್ಯಾಲೂ ನಾಚಿಕಿ ಯಾಕ ಹೋಗೂದಿಲ್ಲ?” ಎಂದು ಶಿಷ್ಯ ನಿರುಪಾದಿ ಕೇಳಿದ. ಕೇಳುವಾಗ ತಲೆ ಎತ್ತಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಅಕ್ಕ ಅವನ ಮನೆಯಲ್ಲೇ ಇದ್ದಳು. ಶಿವನಾಮವನ್ನು ಐದು ಲಕ್ಷ ಸಲ ಬರೆಯುತ್ತೇನೆಂದು ಆಕೆ ಹರಕೆ ಹೊತ್ತಿದ್ದಳು. ಕೈನಡುಕ ಬಂದು ಪೆನ್ನು ಹಿಡಿಯಲಾಗದೆ ಹೋಯಿತು. ಆಗ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿ ಬರೆಯತೊಡಗಿದಳು. ದಿನಕ್ಕೆ ಇನ್ನೂರು ನಾಮ. ಅದು ಮುಗಿಯುವವರೆಗೆ ಹನಿ ನೀರೂ ಇಲ್ಲ.

“ಅಕ್ಕಾ, ಒಂದೊಂದ ಯಾಕ ಒತ್ತತಿ? ಒಮ್ಮೆ ಬರದು ನಕಲು ಮಾಡಿದ್ರ ನೂರ ಆಗ್ತಾವು” ಎಂದು ತಮ್ಮ ನಗುತ್ತಿದ್ದ.

“ಒಂದ ತುತ್ತು ಉಂಡು ಅದನ್ನೂ ನಕಲು ಮಾಡ್ಕೋ ಹೋಗು, ಹೊಟ್ಟಿ ತುಂಬತೈತೇನು ನೋಡೋಣು” ಎಂದು ಆಕೆಯೂ ನಗುತ್ತಿದ್ದಳು.

ಗುಂಡಿ ಒತ್ತಿದರೆ ಆ ಕಂಪ್ಯೂಟರು ಕಣ್ಣು ಬಿಡುವಷ್ಟರಲ್ಲಿ ಮನೆಮಂದಿಯ ನಾಷ್ಟಾ ಮುಗಿದಿರುತ್ತಿತ್ತು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಭಾರವಾಗಿದೆ, ಅದರ ಪಕ್ಕದಲ್ಲೇ ಹಗುರಾದ ಇನ್ನೊಂದನ್ನು ಹಾಕಬಹುದು, ಹಳೆಯದೂ ಉಳಿಯುತ್ತದೆ ಎಂದು ಯಾರೋ ವ್ಯಾಪಾರಿಗೆ ಹೇಳಿದರು. ಓಣಿಯವರ ಮೊಬೈಲು ಸರಿಮಾಡಿಕೊಟ್ಟು ಅವನಿಗೆ ಜಾಣನೆಂಬ ಹೆಸರು ಬಂದಿತ್ತು. ಅಕ್ಕ ಕಾಯುವುದು ತಪ್ಪಲಿ ಎಂದು ಹೊಸದನ್ನು ಪೆನ್ ಡ್ರೈವಿನಲ್ಲಿ ತಂದು ಕೂತ.

“ನನ್ನ ನಾಮ ಬ್ಯಾರೆ ಕಡೆ ತಗದ ಇಡಬೇಕೇನೋ?” ಎಂದಳು ಅಕ್ಕ.

“ನಾ ಇದ್ದೀನಲ್ಲಬೇ. ಸುಮ್ಮನ ನೋಡು.”

ನಡುವೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಹಳೆಯದರ ಪಕ್ಕದಲ್ಲಿ ಹಾಕಲೋ, ಇದ್ದುದನ್ನೆಲ್ಲ ಅಳಿಸಿ ಹಾಕಲೋ ಎಂದು ಅದು ಕೇಳುತ್ತಿತ್ತು. ಅವನಿಗೆ ಅರ್ಥವಾಗಲಿಲ್ಲ. ಎದುರುಮನೆಯ ಟೀಚರಮ್ಮನನ್ನು ಕರೆದರೆ ಓದಿ ಹೇಳುತ್ತಿದ್ದರು. ತನಗೆ ಗೊತ್ತಿಲ್ಲವೆಂದು ಹೇಗೆ ಕರೆಯುವುದು?

“ಏನ ಕೇಳತೈತಿ ಅದು?”

“ಮುಂದ ಹೋಗ್ಲೇನು ಅಂತೈತಿ” ಎಂದು ಒತ್ತಿಬಿಟ್ಟ.

ಹೊಸದು ಬಂತು, ಚುರುಕಾಗಿಯೇ ಬಂತು. ಹಳೆಯದು ಇರಲಿಲ್ಲ. ಮೂರು ವರ್ಷದ ಎರಡು ಲಕ್ಷ ನಾಮವೂ ಇರಲಿಲ್ಲ. ಅವನು ಹುಡುಕಿದ, ಮತ್ತೆ ಹುಡುಕಿದ. ನಿಜ ಗಂಟಲವರೆಗೆ ಬಂತು, ಆದರೆ ಬಾಯಿಂದ ಬಂದದ್ದು ಬೇರೆ.

“ಪೆಟ್ಟಿಗಿ ಹಳೇದಾಗಿತ್ತಕ್ಕ. ತಾನ ಕೆಟ್ಟೈತಿ. ಎಲ್ಲಾ ಹೋತು.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು, ವಿಭೂತಿ ತಂದು ಕಂಪ್ಯೂಟರಿನ ಪೆಟ್ಟಿಗೆಗೆ ಹಚ್ಚಿ, ಮಗುವಿನ ನೆತ್ತಿ ಸವರಿದ ಹಾಗೆ ಸವರಿದಳು. “ಪಾಪ, ನನ್ನಂಗ ಇದಕ್ಕೂ ವಯಸ್ಸಾತು. ಬೇಕಂತ ಮಾಡೇತೇನು? ನನಗ ಸಿಟ್ಟಿಲ್ಲ. ಶಿವಾ, ನೀನೂ ಸಿಟ್ಟಾಗಬ್ಯಾಡ” ಎಂದಳು. ಮರುದಿನ ಸ್ನಾನ ಮಾಡಿ ಬಂದು ಒಂದರಿಂದ ಶುರು ಮಾಡಿದಳು.

ತಮ್ಮ ಆಕೆಗೆ ಮೆತ್ತನೆಯ ಕುರ್ಚಿ ತಂದುಕೊಟ್ಟ. ಸೋಮವಾರದ ಉಪವಾಸ ಹಿಡಿದ. ಗುಡಿಯಲ್ಲಿ ನೂರೆಂಟು ಪ್ರದಕ್ಷಿಣೆ ಹಾಕಿದ. ಶಿವ ಕರುಣಾಳು, ಭಕ್ತೆ ಬರೆದ ನಾಮ ಅವನಲ್ಲಿ ಅಳಿಯುವುದಿಲ್ಲ; ಇದನ್ನು ವ್ಯಾಪಾರಿಯೂ ನಂಬಿದ್ದ. ಆದರೂ ಒಳಕೋಣೆಯಿಂದ ಗುಂಡಿಯ ಟಕ್ ಟಕ್ ಸದ್ದು ಬಂತೆಂದರೆ ಚಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. “ಏನ ಅವಸರೋ, ಚಾ ಕುಡದ ಹೋಗು” ಎಂದು ಅಕ್ಕ ಕೂಗಿದರೆ, ಚಪ್ಪಲಿ ಕೈಯಲ್ಲಿ ಹಿಡಿದೇ ಬೀದಿಗಿಳಿಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಅಕ್ಕ ಒಂದ ಮಾತೂ ಬೈಲಿಲ್ಲ, ಕ್ಷಮಿಸಿಬಿಟ್ಲಲ್ರೀ ಅಪ್ಪಾರ” ಎಂದ ನಿರುಪಾದಿ. “ಮತ್ತ ಯಾಕ ಅವಗ ಸಂಕಟ?”

ಗುರುಗಳು ಅವನ ಬಗ್ಗಿದ ತಲೆಯ ಮೇಲೆ ಕೈಯಿಟ್ಟರು.

“ಆಕಿ ಕ್ಷಮಿಸಿದ್ದು ಪೆಟ್ಟಿಗಿನ್ನಪಾ, ತಮ್ಮನ್ನಲ್ಲ.”