ರಾಯಪ್ಪನ ಕುರ್ಚಿ

"ಗುರುಗಳೇ, ಊರಿನ ರಾಜಕೀಯದಲ್ಲಿ ನಮ್ಮ ಮಾತಿಗೆ ಬೆಲೆಯಿದೆ ಎಂದಾದರೆ, ಅದನ್ನು ಜನರ ಒಳ್ಳೆಯದಕ್ಕೆ ಬಳಸುವುದರಲ್ಲಿ ತಪ್ಪೇನು?"

ಕೇಳಿದವನು ಚೌರಪ್ಪ. ಗುರುಮಠದಲ್ಲಿ ಓದು ಮುಗಿಸಿ ಪಾದ್ರಿಯಾಗಿ, ದೊಡ್ಡ ನಗರದ ಒಂದು ಚರ್ಚಿಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿನ ಕ್ರೈಸ್ತರಿಗೆ ಸತ್ತವರನ್ನು ಹೂಳಲು ಜಾಗ ಸಾಲದು. ಹಳೆಯ ಸಮಾಧಿಯನ್ನೇ ಅಗೆದು ಅದರೊಳಗೆ ಹೊಸಬರನ್ನು ಇಡಬೇಕು. ನಗರಪಾಲಿಕೆಗೆ ನಿಂತಿದ್ದ ಅಭ್ಯರ್ಥಿಯೊಬ್ಬ, ಚರ್ಚಿನ ಹಬ್ಬದ ದಿನ ತನ್ನನ್ನು ಪೂಜಾಪೀಠದ ಪಕ್ಕದಲ್ಲಿ ಕೂರಿಸಿ ಒಂದು ಶಾಲು ಹೊದಿಸಿದರೆ ಸಾಕು, ಸ್ಮಶಾನಕ್ಕೆ ಜಾಗ ಕೊಡಿಸುತ್ತೇನೆ ಎಂದಿದ್ದ. ಹಬ್ಬ ಬರುವ ಭಾನುವಾರ. ಚೌರಪ್ಪನಿಗೆ ಹೂಂ ಅನ್ನುವ ಮನಸ್ಸು. ಆದರೂ ಯಾಕೋ ಸಮಾಧಾನವಿಲ್ಲದೆ, ತನಗೆ ಪಾಠ ಹೇಳಿದ ಇನ್ನಾಸಪ್ಪ ಗುರುಗಳನ್ನು ಹುಡುಕಿಕೊಂಡು ಬಂದಿದ್ದ.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಮಹಾನಗರ. ಅಲ್ಲಿ ಮಾರುಕಟ್ಟೆಯ ಹಿಂದೆ ಒಂದು ಚರ್ಚು, ಚರ್ಚಿನ ಹಿಂದೆ ರಾಜಕಾಲುವೆ, ಕಾಲುವೆಯ ದಂಡೆಯಲ್ಲಿ ಗುಡಿಸಲುಗಳು. ಆ ಚರ್ಚಿಗೆ ಒಬ್ಬ ಪಾದ್ರಿ. ಅವನು ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಕೆಟ್ಟವನಾಗಿದ್ದರೆ ಅವನ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಂದು ಪಾದ್ರಿ ಹನ್ನೆರಡು ಜನರನ್ನು ಪೀಠದ ಮುಂದೆ ಕೂರಿಸಿ ಅವರ ಕಾಲು ತೊಳೆಯುವುದು ಪದ್ಧತಿ. ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ. ಈ ಚರ್ಚಿನಲ್ಲಿ ಮೊದಲನೆಯ ಕುರ್ಚಿಗೆ ರಾಯಪ್ಪನ ಕುರ್ಚಿ ಎಂದು ಹೆಸರು. ಸಂತ ರಾಯಪ್ಪ ಶಿಷ್ಯರಲ್ಲಿ ಮೊದಲಿಗ. ನನ್ನ ಕಾಲನ್ನು ನೀವು ತೊಳೆಯುವುದೇ ಎಂದು ಹಿಂಜರಿದವನೂ ಅವನೇ. ಆ ಕುರ್ಚಿಯಲ್ಲಿ ವರ್ಷವರ್ಷವೂ ಗುಡಿಸಲಿನ ಒಬ್ಬ ಮುದುಕ ಕೂರುತ್ತಿದ್ದ. ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುವವನು. ಅವನ ಹಿಮ್ಮಡಿ ಒಡೆದಿರುತ್ತಿತ್ತು, ಬೆರಳಸಂದಿಯಲ್ಲಿ ಕೆಸರಿರುತ್ತಿತ್ತು, ಬೋಗುಣಿಯ ನೀರು ಅವನೊಬ್ಬನ ಕಾಲು ತೊಳೆದಾಗಲೇ ಕೊಳೆಯಾಗುತ್ತಿತ್ತು.

ಒಂದು ವರ್ಷ ಮುದುಕನಿಗೆ ಜ್ವರ ಬಂತು. ಪೂಜೆಗೆ ಹೊತ್ತಾಗಿತ್ತು. ಪಾದ್ರಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಮರದ ವ್ಯಾಪಾರಿಯನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದ. ವ್ಯಾಪಾರಿ ಆ ಸಲ ನಗರಪಾಲಿಕೆಗೆ ನಿಂತಿದ್ದ. ಪಾದ್ರಿಗೆ ಅದು ತಲೆಯಲ್ಲೇ ಇರಲಿಲ್ಲ. ಜನ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಸ್ವಾಮಿಗಳು ಯಾರನ್ನ ಕುರ್ಚೀಲಿ ಕೂರಿಸಿದ್ರು ನೋಡಿದ್ರಾ?" ಅಂದುಕೊಂಡರು. ಆ ವಾರ್ಡಿನಲ್ಲಿ ಕ್ರೈಸ್ತರು ಹಿಡಿಯಷ್ಟು ಜನ. ಆದರೆ ಎಲ್ಲರೂ ಅವನೊಬ್ಬನಿಗೇ ವೋಟು ಹಾಕಿದರು. ವ್ಯಾಪಾರಿ ಕೂದಲೆಳೆಯ ಅಂತರದಲ್ಲಿ ಗೆದ್ದ.

ಸಂಗತಿ ತಿಳಿದಾಗ ಪಾದ್ರಿ ನಕ್ಕುಬಿಟ್ಟ. ಆಮೇಲೆ ಯೋಚಿಸಿದ. ಯೋಚಿಸಿದ್ದೇ ಎಡವಟ್ಟಾಯಿತು.

ಕಾಲುವೆ ಅಗಲ ಮಾಡಬೇಕು, ಗುಡಿಸಲು ತೆಗೆಸಬೇಕು ಎಂದು ಪಾಲಿಕೆಯಲ್ಲಿ ಮಾತು ಎದ್ದಿತ್ತು. ಪಾದ್ರಿ ವ್ಯಾಪಾರಿಯನ್ನು ಕರೆಸಿ, ಗುಡಿಸಲು ಮುಟ್ಟಬೇಡಿ ಎಂದ.

"ಆಗಲಿ ಫಾದರ್. ಆ ಕುರ್ಚಿ ಮಾತ್ರ ನನಗೇ ಇರಲಿ" ಎಂದ ವ್ಯಾಪಾರಿ.

ಗುಡಿಸಲು ಉಳಿದವು. ಆಮೇಲೆ ನಲ್ಲಿ ಬಂತು, ಬೀದಿದೀಪ ಬಂತು. ಇದು ಸುಳ್ಳಲ್ಲ, ಗುಡಿಸಲಿನ ಹೆಂಗಸರು ಕೊಡ ಹೊತ್ತು ಮಾರುಕಟ್ಟೆಯ ತನಕ ಹೋಗುವುದು ನಿಜವಾಗಿಯೂ ತಪ್ಪಿತು. ಪಾದ್ರಿಗೆ ತುಂಬ ಸಂತೋಷವಾಯಿತು. ಮುದುಕನ ಜ್ವರ ಎಂದೋ ಬಿಟ್ಟಿತ್ತು, ಆದರೆ ಮುಂದಿನ ಪವಿತ್ರ ಗುರುವಾರ ಅವನು ಬಾಗಿಲಲ್ಲೇ ಕೂತು ಬತ್ತಿ ಮಾರಿದ.

ಕುರ್ಚಿಯ ಸುದ್ದಿ ನಗರವೆಲ್ಲ ಹರಡಿತು. ಚುನಾವಣೆ ಹತ್ತಿರ ಬಂತೆಂದರೆ ಎಲ್ಲ ಪಕ್ಷದವರೂ ಚರ್ಚಿಗೆ ಎಡತಾಕತೊಡಗಿದರು. ಮೇಯರ್ ಆಗುವ ಆಸೆಯಿದ್ದವರೂ ಬಂದರು. ಪಾದ್ರಿ ಒಬ್ಬೊಬ್ಬರನ್ನೂ ವಿಚಾರಿಸಿ, ಗುಡಿಸಲಿನವರಿಗೆ ಯಾರು ಹೆಚ್ಚು ಮಾಡುತ್ತಾನೋ ಅವನನ್ನೇ ಕೂರಿಸಿದ. ತನಗಾಗಿ ಯಾರಿಂದಲೂ ಒಂದು ಲೋಟ ಕಾಫಿ ಕುಡಿಯಲಿಲ್ಲ. ಕೂತವರು ಮನೆಯಲ್ಲೇ ಸೋಪು ಹಾಕಿ ಕಾಲು ತಿಕ್ಕಿಕೊಂಡು ಬರುತ್ತಿದ್ದರು. ತೊಳೆಯಲು ಏನೂ ಉಳಿದಿರುತ್ತಿರಲಿಲ್ಲ.

ಒಂದು ಸಲ ಕುರ್ಚಿಯಲ್ಲಿ ಕೂತವನು ಸೋತ. ಕುರ್ಚಿ ಕೇಳಿ ಸಿಗದೆ ಹೋಗಿದ್ದ ಒಬ್ಬ ಗುತ್ತಿಗೆದಾರ ಗೆದ್ದ. ಗುಡಿಸಲಿನವರು ಅವನಿಗೆ ಯಾವ ಕೇಡೂ ಮಾಡಿರಲಿಲ್ಲ. ಆದರೆ ಅವನ ಕಣ್ಣಿಗೆ ಅವರು ಜನವಾಗಿ ಕಾಣಲಿಲ್ಲ, ಪಾದ್ರಿಯ ವೋಟುಗಳಾಗಿ ಕಂಡರು. ಮರುವರ್ಷ ತಪಸ್ಸುಕಾಲದಲ್ಲಿ, ಕ್ರೈಸ್ತರು ಉಪವಾಸವಿರುವ ದಿನಗಳಲ್ಲಿ, ಕಾಲುವೆಯ ದಂಡೆಗೆ ಜೆಸಿಬಿ ಬಂತು.

ಪಾದ್ರಿ ಓಡಿಹೋಗಿ ಅಡ್ಡ ನಿಂತು, ಇದು ಅನ್ಯಾಯ ಎಂದ. ಗುತ್ತಿಗೆದಾರ ಸಿಟ್ಟು ಮಾಡಿಕೊಳ್ಳಲಿಲ್ಲ.

"ಫಾದರ್, ನೀವೂ ಆಟ ಆಡಿದ್ರಿ, ಈ ಸಲ ಸೋತ್ರಿ. ಈಗ ಬಂದು ನ್ಯಾಯ ಅಂದ್ರೆ ಹೇಗೆ?" ಎಂದ.

ನೋಡುತ್ತ ನಿಂತಿದ್ದ ಮಾರುಕಟ್ಟೆಯವರು, ಅದೂ ನಿಜವೇ ಎನ್ನುವಂತೆ ತಲೆಯಾಡಿಸಿದರು. ಅವರಲ್ಲಿ ಒಬ್ಬನೂ ಪಾದ್ರಿಯ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಗುಡಿಸಲುಗಳು ನೆಲಸಮವಾದವು. ಜನ ಚರ್ಚಿನ ಅಂಗಳದಲ್ಲಿ ತಾಡಪಾಲು ಕಟ್ಟಿಕೊಂಡರು.

ಆ ಪವಿತ್ರ ಗುರುವಾರ ರಾಯಪ್ಪನ ಕುರ್ಚಿಗೆ ಯಾರೂ ಬರಲಿಲ್ಲ. ಸೋತ ಕುರ್ಚಿ ಯಾರಿಗೆ ಬೇಕು? ಪಾದ್ರಿ ತಾನೇ ಬಾಗಿಲಿಗೆ ಹೋಗಿ, ಮುದುಕನ ಕೈ ಹಿಡಿದು ಕರೆತಂದು ಕೂರಿಸಿದ. ಇಷ್ಟು ವರ್ಷ ಇವನನ್ನು ಮರೆತೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಮಂಡಿಯೂರಿ, ಬೋಗುಣಿ ಹತ್ತಿರಕ್ಕೆ ಎಳೆದುಕೊಂಡು, ಚೊಂಬು ಬಗ್ಗಿಸಿದ. ಮುದುಕ ಕಾಲು ಹಿಂದಕ್ಕೆ ಎಳೆದುಕೊಂಡ. ಅವನ ಮುಖದಲ್ಲಿ ಕುಹಕವಿರಲಿಲ್ಲ. ನಿಜವಾದ ಗಾಬರಿಯಿತ್ತು.

"ಸ್ವಾಮಿ, ನಾನು ಯಾವ ಎಲೆಕ್ಷನ್ನಿಗೂ ನಿಂತಿಲ್ವಲ್ಲ. ನನ್ನನ್ಯಾಕೆ ಕೂರಿಸಿದ್ರಿ?"

ಚೊಂಬಿನ ನೀರೆಲ್ಲ ಬೋಗುಣಿಗೆ ಹೋಯಿತು. ಇಡೀ ಚರ್ಚಿನ ಎದುರು, ಮಂಡಿಯೂರಿದಲ್ಲೇ ಪಾದ್ರಿ ಅತ್ತುಬಿಟ್ಟ.

ಇನ್ನಾಸಪ್ಪ ಗುರುಗಳು ಕತೆ ನಿಲ್ಲಿಸಿದರು. ಚೌರಪ್ಪನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಆ ಪಾದ್ರಿ ತೆಪ್ಪಗಿರಬೇಕಿತ್ತೇ ಗುರುಗಳೇ? ಗುಡಿಸಲಿನವರು ಏನಾದರೂ ಆಗಲಿ ಎಂದು ಬಿಡಬೇಕಿತ್ತೇ? ನನ್ನ ಜನಕ್ಕೆ ಹೂಳಲು ಜಾಗ ಬೇಡವೇ? ನಾನು ಕೇಳಬಾರದೇ?"

ಗುರುಗಳು ಹೇಳಿದರು:

"ಬಾಯಿ ಬಿಟ್ಟು ಕೇಳು, ಚೌರಪ್ಪ, ಕುರ್ಚಿ ಬಿಟ್ಟುಕೊಟ್ಟು ಕೇಳಬೇಡ."