ದೂರದ ಮನೆಯ ಕೆಂಡ

“ಅವ್ವಾ, ಓಡುವವನು ತಪ್ಪಿಸಿಕೊಳ್ಳುವವನೇ?”

ಹೀಗೆ ಕೇಳುವಾಗ ಶಿಷ್ಯ ಇನ್ನೂ ಏದುಸಿರು ಬಿಡುತ್ತಿದ್ದ. ಅವನು ದಿನವೂ ನಸುಕಿನಲ್ಲಿ ಎದ್ದು ಕೆರೆಯ ಏರಿಯ ಮೇಲೆ ಓಡಿ ಬರುತ್ತಿದ್ದ. ಬರುವಷ್ಟರಲ್ಲಿ ಮಠದ ಅಂಗಳ ಗುಡಿಸಿ, ನೀರು ಚಿಮುಕಿಸಿ ಆಗಿರುತ್ತಿತ್ತು. ಅಂಗಳ ಗುಡಿಸುವುದು ಎಲ್ಲರಿಗಿಂತ ಕಿರಿಯನ ಕೆಲಸ. ಕಿರಿಯನೆಂದರೆ ಅವನೇ. ಓಟಕ್ಕೆ ಹೊರಟ ಮೊದಲ ದಿನ ಅವನಿಗೆ ಆ ಕೆಲಸ ನೆನಪಿತ್ತು. ತಿರುಗಿ ಬಂದು ನೋಡಿದರೆ ಅಂಗಳ ಚೊಕ್ಕಟವಾಗಿತ್ತು. ಆಮೇಲೆ ಅವನು ಅದನ್ನು ನೆನೆಯಲಿಲ್ಲ.

ಅವ್ವ ಆ ಮಠದ ಗುರು. ವಯಸ್ಸಾದವರು. ದೂರದ ಸೀಮೆಯಿಂದ ಬಂದವರು ಎಂಬುದಷ್ಟೇ ಶಿಷ್ಯರಿಗೆ ಗೊತ್ತಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಲಿಯ ಮೇಲೆ ಕುಳಿತರು.

“ಹಾಗೆಂದವರು ಯಾರು?”

“ಹಿರಿಯರೆಲ್ಲ ಅನ್ನುತ್ತಾರೆ. ಕುಳಿತು ಮನಸ್ಸನ್ನು ಹಿಡಿಯಲಾರದವನು ಎದ್ದು ಓಡುತ್ತಾನಂತೆ. ನಿನ್ನೆ ಊಟದ ಪಂಕ್ತಿಯಲ್ಲಿ ಒಬ್ಬರು, ‘ಇವನಿಗೆ ಅನ್ನ ಬೇಡ, ಹುರುಳಿ ನೆನೆಹಾಕಿ’ ಅಂದರು. ಎಲ್ಲರೂ ನಕ್ಕರು.”

“ನೀನು?”

“ನಾನೂ ನಕ್ಕೆ. ಆದರೆ ಆಮೇಲೆ ನಿದ್ದೆ ಬರಲಿಲ್ಲ. ಅವ್ವಾ, ಕಣ್ಣು ಮುಚ್ಚಿ ಕುಳಿತರೆ ನನ್ನ ತಲೆಯಲ್ಲಿ ಸಂತೆ ನೆರೆಯುತ್ತದೆ. ಬಿಟ್ಟುಬಂದ ಮನೆ, ಆಡಿದ ಮಾತು, ಆಡದೆ ಉಳಿದ ಮಾತು, ಎಲ್ಲವೂ ಒಟ್ಟಿಗೆ ಕೂಗುತ್ತವೆ. ಓಡಿದರೆ ಮಾತ್ರ ಆ ಸಂತೆ ಕರಗುತ್ತದೆ. ಅದು ತಪ್ಪಾದರೆ ಹೇಳಿ. ನಾಳೆಯಿಂದ ಬಿಡುತ್ತೇನೆ.”

ಅವ್ವ ಅವನನ್ನು ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬಳು ಮಗಳು. ಆ ಊರಿನ ಪಡುವಣಕ್ಕೆ ಒಂದೇ ಒಂದು ಗುಡ್ಡ. ಮೂಡಣಕ್ಕೆ ಕಣ್ಣು ಹೋದಷ್ಟೂ ಬಯಲು. ಸಂಜೆ ಹೊತ್ತು ಇಳಿಯುವಾಗ ಗುಡ್ಡದ ನೆರಳು ಬುಡದಿಂದ ಹೊರಟು ಬಯಲಿನ ಮೇಲೆ ಹರಿಯುತ್ತಿತ್ತು. ಊರಿನ ಮಕ್ಕಳು ನೆರಳಿನ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ನೆರಳು ಕಾಲು ಮುಟ್ಟಿದ ಕೂಡಲೇ ಓಡಬೇಕು. ಅದರ ಕೈಗೆ ಸಿಗಬಾರದು. ಅದೇ ಆಟ.

ಮೊದಮೊದಲು ನೆರಳು ಮುದುಕಿಯ ಹಾಗೆ ನಡೆಯುತ್ತಿತ್ತು. ಮಕ್ಕಳು ದೂರ ಹೋಗಿ, ತಿರುಗಿ ನಿಂತು, ಅದನ್ನು ಅಣಕಿಸುತ್ತಿದ್ದರು. ಹೊತ್ತು ಮುಳುಗುವ ಗಳಿಗೆಯಲ್ಲಿ ಅದು ಒಮ್ಮೆಗೇ ಬಯಲನ್ನೆಲ್ಲ ನುಂಗುತ್ತಿತ್ತು. ಯಾರೂ ಗೆದ್ದದ್ದಿಲ್ಲ. ಸೋತವರೆಲ್ಲ ನಗುತ್ತ ಮನೆಗೆ ಬರುತ್ತಿದ್ದರು. ಗಾಣಿಗನ ಮಗಳು ಎಲ್ಲರಿಗಿಂತ ಕೊನೆಗೆ ಸೋಲುತ್ತಿದ್ದಳು. ಏಕೆ ಓಡುತ್ತೀಯೆ ಎಂದು ಆ ಬಯಲಿನಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಇಲ್ಲಿಗೆ ಬಂದು ಅವ್ವ ಜಗಲಿಯ ಕಂಬಕ್ಕೆ ಒರಗಿದರು. ಆಮೇಲೆ ಮುಂದುವರಿಸಿದರು.

ಹುಡುಗಿ ದೊಡ್ಡವಳಾದಳು. ಎರಡು ಹೊಳೆಗಳ ಆಚೆ ಇದ್ದ ಒಂದು ಪೇಟೆಯ ಎಣ್ಣೆ ವ್ಯಾಪಾರಿಗೆ ಅವಳನ್ನು ಕೊಟ್ಟರು. ಮನೆ ಒಳ್ಳೆಯದು. ಗಂಡ ಒಳ್ಳೆಯವನು. ಅತ್ತೆಯ ಮಾತು ಚುರುಕು, ಆದರೆ ಕೇಡು ಬಗೆಯುವವಳಲ್ಲ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಬೀದಿ ಇಕ್ಕಟ್ಟು. ಎದುರು ಮನೆಯ ಸೂರು ಈ ಮನೆಯ ಸೂರನ್ನು ಮುಟ್ಟುವಂತಿತ್ತು. ಅಲ್ಲಿ ಹೊತ್ತು ಮುಳುಗುವುದು ಕಾಣುತ್ತಿರಲಿಲ್ಲ. ಯಾರಾದರೂ ದೀಪ ಹಚ್ಚು ಎಂದಾಗ, ಹೊತ್ತು ಮುಳುಗಿತು ಎಂದು ಅವಳಿಗೆ ತಿಳಿಯುತ್ತಿತ್ತು.

ದೊಡ್ಡ ಸಂಸಾರ. ಬೀಸುವುದು, ಕುಟ್ಟುವುದು, ಬೇಯಿಸುವುದು, ಬಡಿಸುವುದು. ಅಂಗಡಿಗೆ ಬಂದವರಿಗೆ ನೀರು, ಹೊತ್ತಾದವರಿಗೆ ಊಟ. ಒಂದೊಂದಾಗಿ ನೋಡಿದರೆ ಎಲ್ಲವೂ ಸಣ್ಣ ಕೆಲಸವೇ. ವರ್ಷಗಳು ಕಳೆದಂತೆ ಸೊಸೆಯ ಎದೆಯ ಮೇಲೆ ಏನೋ ಬಂದು ಕುಳಿತಂತಾಯಿತು. ಯಾರ ಮೇಲೆ ದೂರುವುದು? ಯಾರೂ ಏನೂ ಮಾಡಿರಲಿಲ್ಲ.

ಅವಳಿಗೊಬ್ಬಳು ಸಣ್ಣ ಮಗಳಿದ್ದಳು. ಒಂದು ದಿನ ಆ ಮಗುವಿನ ಕಾಲು ತಾಗಿ ಎಣ್ಣೆಯ ಗಿಂಡಿ ಉರುಳಿತು. ಸೊಸೆ ಮಗುವಿನ ಕೆನ್ನೆಗೆ ಹೊಡೆದಳು. ಬೆರಳುಗಳು ಕೆನ್ನೆಯ ಮೇಲೆ ಮೂಡಿದವು. ಮಗು ಅಳಲಿಲ್ಲ. ಇವಳು ಯಾರು ಎಂಬಂತೆ ತಾಯಿಯನ್ನು ನೋಡಿತು. ಸೊಸೆಗೆ ತನ್ನ ಕೈ ನೋಡಿ ಭಯವಾಯಿತು. ಅವಳು ಸೆರಗು ಬಿಗಿದು ಹೊರಗೆ ಬಂದಳು. ಬೀದಿಯುದ್ದಕ್ಕೂ ಓಡಿದಳು.

ಹೆಂಗಸೊಬ್ಬಳು ಓಡುವುದನ್ನು ಆ ಬೀದಿ ಕಂಡಿರಲಿಲ್ಲ. ಒಬ್ಬ ಮನೆಗೆ ಬೆಂಕಿ ಬಿದ್ದಿದೆ ಎಂದು ಕೊಡ ನೀರು ಹೊತ್ತು ಬಂದ. ಇನ್ನೊಬ್ಬ ಹೋರಿ ಬಿಚ್ಚಿಕೊಂಡಿದೆ ಎಂದು ದೊಣ್ಣೆ ಹಿಡಿದು ಬಂದ. ಒಬ್ಬ ಮುದುಕಿ ಸತ್ತವರು ಯಾರೆಂದು ಕೇಳದೆಯೇ ಅಳತೊಡಗಿದಳು. ಸೊಸೆ ಬೀದಿಯ ಕೊನೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಅರ್ಧ ಪೇಟೆ ವ್ಯಾಪಾರಿಯ ಬಾಗಿಲಲ್ಲಿ ನಿಂತಿತ್ತು.

“ಏನಾಯಿತೇ?” ಎಂದಳು ಅತ್ತೆ.

“ಏನೂ ಆಗಿಲ್ಲ, ಅತ್ತೆ.”

“ಏನೂ ಆಗದೆ ಯಾರಾದರೂ ಓಡುತ್ತಾರೆಯೇ? ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನ ತವರಿಗೆ ಹೇಳಿಕಳಿಸುತ್ತೇನೆ.”

ಗಂಡನೂ ಕೇಳಿದ: “ನಿನಗೆ ಇಲ್ಲಿ ಏನು ಕಡಿಮೆಯಾಗಿದೆ?”

ಏನೂ ಕಡಿಮೆಯಾಗಿಲ್ಲ ಎಂದಳು ಸೊಸೆ. ಅವನು ನೆಮ್ಮದಿಯಿಂದ ಅಂಗಡಿಗೆ ಹೋದ.

ಸೊಸೆ ಮತ್ತೆ ಓಡಲಿಲ್ಲ. ಭಾರ ಹಾಗೆಯೇ ಉಳಿಯಿತು. ಮಗುವಿನ ಹತ್ತಿರ ಹೋಗುವಾಗ ಅವಳು ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು.

ಆಗ ಬೆಂಕಿಪೆಟ್ಟಿಗೆ ಇರಲಿಲ್ಲ. ಮಲಗುವ ಮುನ್ನ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಆರಿಹೋಗಿದ್ದರೆ ಬೇರೆ ಮನೆಯಿಂದ ತರಬೇಕು. ಒಲೆ ಆರಿದ ಮನೆ ಎನ್ನಿಸಿಕೊಳ್ಳುವುದು ಹೆಂಗಸರಿಗೆ ತಲೆ ತಗ್ಗಿಸುವ ಮಾತು. ತಾನು ಮದುವೆಯಾಗಿ ಬಂದಂದಿನಿಂದ ಈ ಮನೆಯ ಒಲೆ ಒಮ್ಮೆಯೂ ಆರಿಲ್ಲ ಎಂದು ಅತ್ತೆ ಬೀದಿಗೆಲ್ಲ ಹೇಳುತ್ತಿದ್ದಳು. ಅವಳಿಗೆ ಹೇಳಿಕೊಳ್ಳಲು ಇದ್ದ ಹೆಮ್ಮೆ ಅದೊಂದೇ.

ಒಂದು ಬೆಳಿಗ್ಗೆ ಒಲೆ ಆರಿತ್ತು. ಸೊಸೆ ಬೂದಿ ಸರಿಯಾಗಿ ಮುಚ್ಚಿರಲಿಲ್ಲ. ಅತ್ತೆ ಗೊಣಗುತ್ತ, ಒಡೆದ ಮಡಕೆಯ ಅಗಲವಾದ ಚೂರಿನಲ್ಲಿ ಒಂದು ತುಂಡು ಬೆರಣಿ ಇಟ್ಟು ಅವಳನ್ನು ಕಳಿಸಿದಳು. ಪಕ್ಕದ ಮನೆಯವರು ಇನ್ನೂ ಬಾಗಿಲು ತೆರೆದಿರಲಿಲ್ಲ. ಸೊಸೆ ಪೇಟೆಯ ಹೊರಗೆ, ಹಳ್ಳದ ಆಚೆ ಇದ್ದ ಕಮ್ಮಾರನ ಮನೆಗೆ ಹೋದಳು.

ಕಮ್ಮಾರನ ಹೆಂಡತಿ ಬೆರಣಿಯ ಮೇಲೆ ಕೆಂಡ ಇಟ್ಟು ಹೇಳಿದಳು: “ನಿಧಾನ ನಡೆದರೆ ಬೂದಿ ಕಟ್ಟಿ ಆರುತ್ತದೆ. ತೀರ ಜೋರಾಗಿ ಓಡಿದರೆ ಕಿಡಿ ಹಾರಿ ಸೀರೆ ಸುಡುತ್ತದೆ. ನೋಡಿಕೊಂಡು ಓಡಮ್ಮ.”

ಸೊಸೆ ಓಡಿದಳು. ಗಾಳಿ ಎದುರಿನಿಂದ ಬಂತು. ಕೆಂಡ ತೀರ ಕೆಂಪಾದಾಗ ಕಾಲು ಸಡಿಲಿಸಿದಳು. ಬೂದಿ ಕಟ್ಟಿದಾಗ ಬಿರುಸಾದಳು. ಕಣ್ಣು ಕೆಂಡದ ಮೇಲೆ, ಕಾಲು ನೆಲದ ಮೇಲೆ. ನಡುವೆ ಬೇರೆ ಯೋಚನೆಗೆ ಜಾಗವಿರಲಿಲ್ಲ. ಆಗತಾನೇ ಹೊತ್ತು ಮೂಡಿತ್ತು. ಅವಳ ನೆರಳು ಅವಳಿಗಿಂತ ಮುಂದೆ ಓಡುತ್ತಿತ್ತು. ಎಷ್ಟು ಓಡಿದರೂ ಅದು ಮುಂದೆಯೇ ಇತ್ತು. ಸೊಸೆಗೆ ನಗು ಬಂತು.

ಬೀದಿಯಲ್ಲಿ ಜನ ಕೆಂಡ ನೋಡಿ ದಾರಿ ಬಿಟ್ಟರು. ಏನಾಯಿತೆಂದು ಯಾರೂ ಕೇಳಲಿಲ್ಲ. ಮನೆ ಸೇರಿ ಒಲೆ ಹೊತ್ತಿಸುವಾಗ, ಎದೆಯ ಮೇಲೆ ಕುಳಿತಿದ್ದದ್ದು ಎದ್ದು ಹೋಗಿದೆ ಎಂದು ಅವಳಿಗೆ ತಿಳಿಯಿತು. ಆ ದಿನ ಅವಳು ಮಗುವಿನ ತಲೆ ಬಾಚಿ ಜಡೆ ಹಾಕಿದಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳಲಿಲ್ಲ.

ಅಂದಿನಿಂದ ಆ ಮನೆಯ ಒಲೆ ಆಗಾಗ ಆರತೊಡಗಿತು. ಭಾರ ಹೆಚ್ಚಾದಾಗ ಸೊಸೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುತ್ತಿದ್ದಳು. ಒಲೆಯ ಬೂದಿಯ ಮೇಲೆ ನೀರು ಸುರಿಯುತ್ತಿದ್ದಳು. ಆಮೇಲೆ ಮಡಕೆಯ ಚೂರು ಹಿಡಿದು ಹಳ್ಳ ದಾಟುತ್ತಿದ್ದಳು.

ಬೀದಿ ಸುಮ್ಮನಿರಲಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು ಅತ್ತೆಯನ್ನು ಕೇಳಿದಳು: “ಏನಕ್ಕಾ, ಎಣ್ಣೆ ಮಾರುವವರ ಮನೆಯಲ್ಲೇ ಬೆಂಕಿಗೆ ಬರವೇ?”

“ಸುಮ್ಮನಿರೇ,” ಎಂದಳು ಇನ್ನೊಬ್ಬಳು. “ಸೊಸೆಗೆ ತವರಿನ ನೆನಪಾದರೆ ಅವರ ಮನೆಯ ಕೆಂಡವೂ ಗಂಟುಮೂಟೆ ಕಟ್ಟುತ್ತದೆ.”

ಎಲ್ಲರೂ ನಕ್ಕರು. ಅತ್ತೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು.

ಸೊಸೆ ಇನ್ನೂ ಕೆಂಡ ತಂದಿರಲಿಲ್ಲ. ಅತ್ತೆ ಒಲೆಯ ಬೂದಿ ತೆಗೆದಳು. ಬೂದಿ ಕೈಗೆ ಅಂಟಿತು. ತಾನಾಗಿ ಆರಿದ ಬೂದಿ ಹಾಗೆ ಅಂಟುವುದಿಲ್ಲ. ಅತ್ತೆಗೆ ಎಲ್ಲವೂ ತಿಳಿಯಿತು. ಅವಳು ಜಗಳ ತೆಗೆಯಲಿಲ್ಲ. “ಇನ್ನು ಮುಂದೆ ಒಲೆ ನಾನು ನೋಡಿಕೊಳ್ಳುತ್ತೇನೆ” ಎಂದಷ್ಟೇ ಹೇಳಿದಳು. ತನ್ನ ಚಾಪೆಯನ್ನು ಅಡುಗೆಮನೆಗೆ ತಂದು ಹಾಕಿಕೊಂಡಳು.

ಒಲೆ ಆರುವುದು ನಿಂತಿತು. ಬೀದಿಯ ನಗು ನಿಂತಿತು. ಸೊಸೆ ಮಾತ್ರ ದಿನದಿಂದ ದಿನಕ್ಕೆ ಬಿಗಿಯಾದಳು. ಅವಳ ಕೈಯಲ್ಲಿ ಪಾತ್ರೆಗಳು ಸದ್ದು ಮಾಡತೊಡಗಿದವು. ಒಂದು ಮಧ್ಯಾಹ್ನ ಮಗು ಊಟ ಬೇಡವೆಂದು ತಟ್ಟೆ ತಳ್ಳಿತು. ಸೊಸೆಯ ಕೈ ಮೇಲೆದ್ದಿತು. ಮಗು ಎರಡೂ ಅಂಗೈಗಳಿಂದ ಕೆನ್ನೆ ಮುಚ್ಚಿಕೊಂಡಿತು. ಸೊಸೆಯ ಕೈ ಎತ್ತಿದಲ್ಲೇ ನಿಂತಿತು. ಅವಳು ಗೋಡೆಯ ಕಡೆ ತಿರುಗಿ, ಆ ಕೈಯನ್ನು ಗೋಡೆಗೆ ಬಡಿದಳು. ಮತ್ತೆ ಬಡಿದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅವಳು ಬಂದು ಸೊಸೆಯ ಕೈ ಹಿಡಿದುಕೊಂಡಳು. ಬಳೆ ಒಡೆದು ರಕ್ತ ಬಂದಿತ್ತು. ಅತ್ತೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಜಗಲಿಗೆ ಹೋಗಿ ಕುಳಿತಳು. ಸೊಸೆ ಕೆಂಡ ಹಿಡಿದು ಓಡಿಬಂದ ದಿನಗಳು ಅವಳಿಗೆ ನೆನಪಾದವು. ಆ ದಿನಗಳಲ್ಲಿ ಈ ಮಗು ತಾಯಿಯ ಸೆರಗು ಬಿಡದೆ ಮನೆಯೆಲ್ಲ ತಿರುಗಿತ್ತು. ಅತ್ತೆ ಅದನ್ನೇ ಯೋಚಿಸುತ್ತ ದೀಪ ಹಚ್ಚುವವರೆಗೂ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಅವಳೇ ಸೊಸೆಯನ್ನು ಎಬ್ಬಿಸಿದಳು. “ಒಲೆ ಆರಿದೆ. ಹೋಗಿ ಕೆಂಡ ತಾ.”

ಸೊಸೆಗೆ ನಂಬಿಕೆಯಾಗಲಿಲ್ಲ. ಅತ್ತೆ ಬೂದಿ ಮುಚ್ಚಿದ ಒಲೆ ಆರುವುದುಂಟೇ? ಅವಳು ಒಲೆಯ ಮುಂದೆ ಕುಳಿತು ಬೂದಿ ಮುಟ್ಟಿದಳು. ಬೂದಿ ಒದ್ದೆಯಾಗಿತ್ತು. ತಾನು ನೀರು ಹಾಕಿರಲಿಲ್ಲ. ತಲೆಯೆತ್ತಿ ನೋಡಿದಳು. ಅತ್ತೆ ಖಾಲಿ ತಂಬಿಗೆಯನ್ನು ಬೋರಲು ಹಾಕುತ್ತಿದ್ದಳು.

“ಪಕ್ಕದ ಮನೆಗೆ ಹೋಗಲೇ, ಅತ್ತೆ?”

“ಅವರ ಕೆಂಡ ನಿಲ್ಲುವುದಿಲ್ಲ. ಕಮ್ಮಾರನ ಮನೆಯದೇ ಆಗಬೇಕು.”

ಸೊಸೆ ಹೊಸ್ತಿಲು ದಾಟುವಾಗ ಅತ್ತೆ ಒಳಗಿನಿಂದ ಕೂಗಿ ಹೇಳಿದಳು: “ಅವಸರವಿಲ್ಲ. ಮಗು ಎದ್ದರೆ ನಾನಿದ್ದೇನೆ.”

ಅಂದು ಬಾವಿಕಟ್ಟೆಯಲ್ಲಿ ಹೆಂಗಸರು ಅತ್ತೆಯನ್ನೇ ಹಿಡಿದುಕೊಂಡರು. “ಈಗ ಒಲೆ ನೀವೇ ನೋಡುತ್ತೀರಂತಲ್ಲ ಅಕ್ಕಾ. ನಿಮ್ಮ ಕೈಯಲ್ಲೂ ಆರಿತೇ?”

“ಆರಿತು ಕಣೇ. ವಯಸ್ಸಾಯಿತು. ಕೈ ಸೋತಿದೆ,” ಎಂದಳು ಅತ್ತೆ. ಅವರ ನಗು ಮುಗಿಯುವವರೆಗೂ ಅಲ್ಲೇ ನಿಂತು, ಕೊಡ ತುಂಬಿಸಿಕೊಂಡು ಬಂದಳು.

ಆ ಸಂಜೆ ಅವಳು ಮೊದಲ ಬಾರಿಗೆ ಸೊಸೆಯ ಊರಿನ ಮಾತು ತೆಗೆದಳು. “ಅಲ್ಲಿಯೂ ಓಡುತ್ತಿದ್ದೆಯಾ?”

ಸೊಸೆ ಗುಡ್ಡದ ನೆರಳಿನ ಆಟ ಹೇಳಿದಳು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದಳು.

“ಗೆದ್ದವರು ಯಾರು?”

“ನೆರಳೇ ಗೆಲ್ಲುತ್ತಿತ್ತು, ಅತ್ತೆ.”

“ಸೋಲುತ್ತೇವೆಂದು ಗೊತ್ತಿದ್ದೂ ಓಡುತ್ತಿದ್ದಿರಾ?”

“ಓಡುತ್ತಿದ್ದೆವು. ಮನೆಗೆ ಬಂದ ಮೇಲೆ ಚೆನ್ನಾಗಿ ಹಸಿವಾಗುತ್ತಿತ್ತು.”

ಅತ್ತೆ ನಕ್ಕಳು. ಸೊಸೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಮೇಲೆ ಅತ್ತೆ ಬದುಕಿದ್ದಷ್ಟು ಕಾಲ ಆ ಮನೆಯ ಒಲೆ ಆಗಾಗ ಆರುತ್ತಿತ್ತು. ಯಾವ ಬೆಳಿಗ್ಗೆ ಆರಬೇಕೆಂದು ಅವಳು ಸೊಸೆಯ ಮುಖ ನೋಡಿ ತಿಳಿಯುತ್ತಿದ್ದಳು. ಇಬ್ಬರೂ ಎಂದೂ ಆ ಮಾತು ಆಡಲಿಲ್ಲ. ಈಗ ಮನೆಮನೆಗೂ ಬೆಂಕಿಪೆಟ್ಟಿಗೆ ಬಂದಿದೆ. ಕೆಂಡ ಹಿಡಿದು ಓಡುವವರು ಆ ಬೀದಿಯಲ್ಲಿ ಯಾರೂ ಇಲ್ಲ.

ಅವ್ವ ಕತೆ ನಿಲ್ಲಿಸಿದರು. ಬಿಸಿಲು ಅಂಗಳಕ್ಕೆ ಇಳಿದಿತ್ತು. ನೆಲದ ಮೇಲೆ ಕಸಬರಿಕೆಯ ಗೆರೆಗಳು ಇನ್ನೂ ಹಸಿಯಾಗಿದ್ದವು.

ಶಿಷ್ಯನ ಮುಖ ಅರಳಿತ್ತು. “ತಿಳಿಯಿತು, ಅವ್ವಾ. ಅವಳು ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಂಡು ಹೋದವರು ಕೆಂಡ ಹಿಡಿದು ತಿರುಗಿ ಬರುವುದಿಲ್ಲ. ನಾನೂ ದಿನವೂ ತಿರುಗಿ ಬರುತ್ತೇನೆ. ಹಿರಿಯರಿಗೆ ಇದನ್ನೇ ಹೇಳುತ್ತೇನೆ. ಹಾಗಾದರೆ ನಾಳೆಯೂ ಓಡಲೇ?”

ಅವ್ವ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಎದ್ದರು.

“ಓಡು ಮಗನೇ, ಅಂಗಳವನ್ನು ಎಂದಿನಂತೆ ನಾನೇ ಗುಡಿಸುತ್ತೇನೆ.”